ಒಂದು ಇಟ್ಟಿಗೆಯ ದಪ್ಪ

ಹೆಸ್ಲ್‌ವಿಕ್ ಮನೆಯ ಮುಖ ಉಬ್ಬಿದೆ ಎಂದು ಫೋನು ಬಂದಾಗ
ಚಹಾಕ್ಕೆ ಹಾಲು ಹಾಕುತ್ತಿದ್ದೆ.
ಚಹಾ ಆರಿದರೆ ಆರಲಿ, ಗೋಡೆ ಕಾಯುವುದಿಲ್ಲ.

ಹಿಯರ್‌ಫರ್ಡ್ ದಾಟಿ ಸೇಬಿನ ತೋಟಗಳ ನಡುವೆ ಎರಡು ಮೈಲಿ,
ತಿರುವಿನಲ್ಲಿ ಥಟ್ಟನೆ ಮನೆ:
ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಅಂಚು,
ಮೇಲಿನ ಸಾಲಿನಲ್ಲಿ ಎಡಕ್ಕೆ ನಾಲ್ಕು ಕಿಟಕಿ, ಬಲಕ್ಕೆ ನಾಲ್ಕು,
ಬಾಗಿಲ ನೆತ್ತಿಗೆ ಒಂದು.
ತಕ್ಕಡಿ ಹಿಡಿದು ಕಟ್ಟಿದ ಹಾಗೆ.

ಅಟ್ಟಣೆ ಕಟ್ಟಿ ಇಟ್ಟಿಗೆ ಬಿಚ್ಚಿದೆವು,
ನಾನು, ನನ್ನ ತಂಗಿಯ ಮಗ ಎಮ್ರಿಸ್;
ಹಾಲುಹಲ್ಲು ಕಿತ್ತಷ್ಟು ಸಲೀಸು.
ಒಂದೊಂದಕ್ಕೂ ಸೀಮೆಸುಣ್ಣದ ಸಂಖ್ಯೆ.
ಒಂದೇ ಇಟ್ಟಿಗೆಯ ದಪ್ಪ.
ಹಿಂದೆ ಓಕ್ ಮರ.

ಮೇಲೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ,
ಇಲ್ಲಿ ಗಾದೆ ಮಗುಚಿ ಬಿದ್ದಿತ್ತು:
ಥಳುಕೇ ಹುಳುಕು. ಒಳಗಿನ ಕಂಬ
ಉಳಿ ತಾಗಿದರೆ ಠಣ್ ಅನ್ನುತ್ತಿತ್ತು.
ಬಡಗಿ ಕೊರೆದ ಅಂಕಿಗಳು ಇನ್ನೂ ಚೂಪು:
ಮೂರು, ನಾಲ್ಕು, ಆಮೇಲೆ ಐದರ ಜಾಗದಲ್ಲಿ ಆರು ಕೊರೆದು
ಗೀಚಿ ಅಳಿಸಿದ್ದಾನೆ.
ನಾನೂರು ವರ್ಷದ ಮೇಲಾಯಿತು, ಆ ನಾಚಿಕೆ ಒಣಗಿಲ್ಲ.

ಕಂಬಗಳ ನಡುವೆ ಹೇಝಲ್ ಕಡ್ಡಿಯ ತಡಿಕೆ,
ಮೆತ್ತಿದ್ದು ಮಣ್ಣು, ಸೆಗಣಿ, ಹುಲ್ಲು, ದನದ ಕೂದಲು.
ಒಂದು ಕಡೆ ಅಂಗೈ ಗುರುತು.
ಸಣ್ಣದು. ಕಿರುಬೆರಳಿಲ್ಲ.
ಎಮ್ರಿಸ್ ತನ್ನ ಕೈ ಹತ್ತಿರ ಒಯ್ದ.
ಮುಟ್ಟಲಿಲ್ಲ.

ಮುಚ್ಚಿಸಿದವನ ಹೆಸರು ಮಾತ್ರ ಲೆಕ್ಕದ ಪುಸ್ತಕದಲ್ಲಿದೆ:
ಥಿಯೊಫಿಲಸ್ ವಾರ್ಡೆಲ್, ಸಾವಿರದ ಏಳುನೂರ ನಲವತ್ತೊಂದು.
ಬಾತ್ ಪಟ್ಟಣದ ಬೀದಿಗಳ ನೆಟ್ಟ ಹಣೆ ನೋಡಿ ಬಂದು
ತನ್ನ ಮನೆಯ ಸೊಟ್ಟ ಭುಜಕ್ಕೆ ನಾಚಿದನಂತೆ.
ಖರ್ಚಿಗೆ ಹೆಂಡತಿಯ ತವರಿನ ಸಕ್ಕರೆ ದುಡ್ಡು.
ಕಬ್ಬು ಕಡಿದವರ ಲೆಕ್ಕ ಬೇರೆ ಪುಸ್ತಕದಲ್ಲಿರಬೇಕು,
ಸಮುದ್ರದಾಚೆ, ಹೇಸರಗತ್ತೆಗಳ ಪುಟದಲ್ಲಿ.
ಹೊಸ ಮುಖ ಎದ್ದಿತು, ಸ್ವಂತ ಕಾಲಿನ ಮೇಲಲ್ಲ,
ಕಬ್ಬಿಣದ ಕೊಕ್ಕೆ ಹಾಕಿ
ಆ ಸೊಟ್ಟ ಭುಜಕ್ಕೇ ಜೋತುಬಿದ್ದು.

ಎಡದಿಂದ ಮೂರನೆಯ ಕಿಟಕಿಯ ಹಿಂದೆ ಕೋಣೆಯಿಲ್ಲ,
ಮೆಟ್ಟಿಲು ತಿರುಗುವ ಗೋಡೆ.
ಬಿಟ್ಟರೆ ತಕ್ಕಡಿ ವಾಲುತ್ತದೆ. ಹಾಗಾಗಿ
ಗಾರೆಗೆ ಕಪ್ಪು ಬಳಿದರು, ಬಿಳಿ ಗೆರೆ ಎಳೆದರು,
ಗಾಜು ಅಂದರು.

ಆಮೇಲೆ ಮೊಳೆ ಕಾರ್ಖಾನೆಯವನೊಬ್ಬ ಕೊಂಡು
ಗಡಿಯಾರದ ಗೋಪುರ ಎಬ್ಬಿಸಿದ;
ಮೊಮ್ಮಗ ಅದನ್ನು ಕೆಡವಿ ಸೀಸ ಮಾರಿದ.
ನಡುವೆ ಯುದ್ಧ. ಬರ್ಮಿಂಗ್‌ಹ್ಯಾಮಿನಿಂದ ಒಂದು ಹುಡುಗಿಯರ ಶಾಲೆ.
ಮೆಟ್ಟಿಲ ಬದಿಯಲ್ಲಿ ನನ್ನ ಸೊಂಟದೆತ್ತರಕ್ಕೆ
ಕೋಟು ತೂಗುಹಾಕುವ ಗೂಟಗಳು, ಇವತ್ತಿಗೂ.
ಹದಿನೇಳನೆಯದು ನನ್ನ ಅಮ್ಮನದು.

ಅಮ್ಮ ಹೇಳುತ್ತಿದ್ದಳು:
ಮೂರನೇ ಕಿಟಕಿಯ ಹಿಂದೆ ಊಟಕ್ಕೆ ಇಳಿಯದ ಹುಡುಗಿಯೊಬ್ಬಳಿದ್ದಳು,
ಅವಳ ಪಾಲಿನ ಬ್ರೆಡ್ಡು ನಾವು ತಿನ್ನುತ್ತಿದ್ದೆವು.

ಈಗ ಅಲ್ಲಿ ಆರು ಸಂಸಾರ, ಆರು ಡೋರ್‌ಬೆಲ್.
ಓಕ್ ಕಾಣುವ ಹಾಗೆ ಗಾಜು ಹಾಕಿ ಎಂದರು ಎರಡನೇ ಮನೆಯ ಪೆವೆರಿಲ್.
ಇದ್ದ ಹಾಗೇ ಮಾಡಿ ಎಂದಳು ಕೌನ್ಸಿಲ್ಲಿನವಳು.
ಯಾವಾಗ ಇದ್ದ ಹಾಗೆ?
ಬಾಯಿಗೆ ಬಂದದ್ದನ್ನು ನುಂಗಿದೆ. ನಾನು ದಿನಗೂಲಿಯವಳು.

ಸಂಖ್ಯೆ ನೋಡಿ ಇಟ್ಟಿಗೆ ಕೂರಿಸಿದೆವು.
ಅಂಗೈ ಮತ್ತೆ ಕತ್ತಲಿಗೆ ಹೋಯಿತು.
ಎರಡು ಇಟ್ಟಿಗೆ ಮಿಕ್ಕವು, ಎಲ್ಲಿಯವೋ,
ವ್ಯಾನಿನಲ್ಲೇ ಇವೆ.

ಕೊನೆಯ ದಿನ ಮೂರನೇ ಕಿಟಕಿಗೆ ಕಪ್ಪು ಬಳಿದು
ಹುಲ್ಲಿನ ಮೇಲೆ ಕೂತು ಬ್ರಷ್ ತೊಳೆಯುತ್ತಿದ್ದೆ.
ಬೆಟ್ಟಗಳ ಕಡೆಯಿಂದ ಸಂಜೆ ಬಿಸಿಲು ಬಂದು
ಸಾಲು ಸಾಲಾಗಿ ಗಾಜು ಹೊತ್ತಿಸಿತು.
ಬಣ್ಣ ಇನ್ನೂ ಹಸಿ. ಅದೂ ಹೊತ್ತಿಕೊಂಡಿತು.
“ಒಂಬತ್ತು,” ಎಂದ ಎಮ್ರಿಸ್, ಎಣಿಸಿ.

ನಾಳೆಗೆ ಒಣಗುತ್ತದೆ.
ಬ್ರೆಡ್ಡಿನ ಡಬ್ಬಿ ತೆಗೆದೆ.