ಓರೆಗೆರೆ

ಬುಧವಾರ ಹತ್ತಕ್ಕೆ ಲೌತಿನ ಚರ್ಚಿನ ಹಿಂಗೋಣೆ ತೆರೆಯುತ್ತದೆ.
ಮೊದಲು ಹೀಟರು ಕೆಮ್ಮುತ್ತದೆ, ಆಮೇಲೆ ಡೆಸ್ಮಂಡ್ ಆಟ್ಲೀ.
ಹುಟ್ಟು, ಮದುವೆ, ಮಣ್ಣು. ಹಳೆಯ ದಫ್ತರುಗಳನ್ನು
ಅವರು ಗಟ್ಟಿಯಾಗಿ ಓದುತ್ತಾರೆ,
ನಾನು ಕಂಪ್ಯೂಟರಿಗೆ ತುಂಬುತ್ತೇನೆ.

ಪೇಷೆನ್ಸ್ ಡ್ರೂರಿ, ಹಗ್ಗ ಹೊಸೆಯುವ ಐಸಾಕನ ಮಗಳು.
ಜ್ಞಾನಸ್ನಾನ: ಏಪ್ರಿಲ್ ಒಂಬತ್ತು, ೧೭೩೧.
ನಾಲ್ಕು ಹಾಳೆ ಮಗುಚಿದರೆ
ಅದೇ ಪೇಷೆನ್ಸ್, ಅದೇ ಐಸಾಕ,
ಮಣ್ಣು: ಫೆಬ್ರವರಿ ಎರಡು, ೧೭೩೧.

ಒತ್ತಿದೆ. ಚೌಕ ಕೆಂಪಾಯಿತು.
ತಪ್ಪು, ಎಂದಿತು ಯಂತ್ರ.
ಹುಟ್ಟುವ ಮೊದಲೇ ಯಾರೂ ಸಾಯುವಂತಿಲ್ಲ.

ಡೆಸ್ಮಂಡ್ ಕನ್ನಡಕವನ್ನು ಹಣೆಗೇರಿಸಿದರು.
ಆಗೆಲ್ಲ ವರ್ಷ ಮಗ್ಗುಲು ಬದಲಿಸುತ್ತಿದ್ದುದು ಜನವರಿಯಲ್ಲಲ್ಲ,
ಮಾರ್ಚ್ ಇಪ್ಪತ್ತೈದಕ್ಕೆ;
ದೇವದೂತ ಬಂದು ಮೇರಿಗೆ ಬಸಿರಿನ ಸುದ್ದಿ ಹೇಳಿದ ದಿನ.
ಓಹೋ, ನಿಮಗೂ ಯುಗಾದಿ ಇತ್ತು, ಎಂದೆ.
ಬೇವಿರಲಿಲ್ಲ, ಅಷ್ಟೆ.
ಯುಗಾದಿಯೆಂದರೇನು, ಬೇವೆಂದರೇನು, ಎಲ್ಲ ಕೇಳಿಕೊಂಡು
ಬೇವೂ ಇತ್ತಮ್ಮ, ಎಂದರು:
ಗೇಣಿ ಕಟ್ಟುವ ದಿನವೂ ಅದೇ.

ಆಮೇಲೆ ೧೭೫೨ರ ಸೆಪ್ಟೆಂಬರು.
ಎರಡನೇ ತಾರೀಕು ಮಲಗಿದ ಊರು
ಹದಿನಾಲ್ಕಕ್ಕೆ ಎದ್ದಿತು.
ನಡುವಿನ ಹನ್ನೊಂದು ದಿನ ಯಾರ ಜೇಬಿಗೂ ಬೀಳಲಿಲ್ಲ.
ಎಲ್ಲರೂ ಮರೆತರು, ತೆರಿಗೆಯವರನ್ನು ಬಿಟ್ಟು:
ಅವರ ವರ್ಷ ಇಂದಿಗೂ
ಏಪ್ರಿಲ್ ಆರಕ್ಕೇ ಕಣ್ಣು ಬಿಡುತ್ತದೆ.

ಹೋದ ತಿಂಗಳು ಸಮಿತಿಯಲ್ಲಿ ಜಗಳ.
ಕರಪತ್ರದಲ್ಲಿ ಎ.ಡಿ. ಇರಲೋ, ಸಿ.ಇ. ಇರಲೋ?
ಪ್ರಭುವಿನ ವರ್ಷವೋ, ಸರ್ವರ ವರ್ಷವೋ?
ಬಿಸ್ಕತ್ತು ಮುಗಿದರೂ ತೀರ್ಮಾನವಿಲ್ಲ.
ನಿಮ್ಮಲ್ಲೇನನ್ನುತ್ತಾರೆ, ಎಂದು ನನ್ನತ್ತ ತಿರುಗಿದರು.
ಕ್ರಿಸ್ತಶಕ, ಎಂದೆ.
ಕ್ರಿಸ್ತ ತಿಳಿಯಿತು, ಈ ಶಕ ಯಾರು?
ಕುದುರೆಯೇರಿ ಬಂದ ಒಂದು ಜನ.
ಅವರು ಗೆದ್ದದ್ದಕ್ಕೆ ಎಣಿಕೆ ಶುರುವಾಯಿತೋ,
ಅವರನ್ನು ಗೆದ್ದದ್ದಕ್ಕೋ, ಇನ್ನೂ ವಾದವಿದೆ.
ಅಂತೂ ಅವರ ಅಂಗಿಯನ್ನೇ
ಬೆತ್ಲೆಹೇಮಿನ ಕೂಸಿಗೂ ತೊಡಿಸಿ
ನೂರಾರು ವರ್ಷ ನಾವು ಪರೀಕ್ಷೆ ಬರೆದೆವು.

ನನ್ನಜ್ಜಿ ವರ್ಷಗಳನ್ನು ಎಣಿಸುತ್ತಿರಲಿಲ್ಲ, ಕರೆಯುತ್ತಿದ್ದಳು,
ಹಟ್ಟಿಯ ದನಗಳನ್ನು ಕರೆದಂತೆ:
ಪರಿಧಾವಿಯಲ್ಲಿ ನಿಮ್ಮಪ್ಪನ ಮದುವೆ, ಪ್ರಮಾದೀಚದಲ್ಲಿ ನೀನು.
ಮೇಯಲು ಹೋದದ್ದು ಅರವತ್ತಕ್ಕೆ ಮರಳಿ ಬರುತ್ತದೆ,
ಅದೇ ಹೆಸರು, ಬೇರೆ ಹಾಲು.

ಚಹದ ಚೀಟಿಯ ಬೆನ್ನಮೇಲೆ ಲೆಕ್ಕ ಹಾಕಿದೆ.
ಶಾಲಿವಾಹನ ಶಕ ವರುಷ ೧೬೫೩, ವಿರೋಧಿಕೃತ್.
ಪೇಷೆನ್ಸ್ ನೀರು ಹೊಯ್ಸಿಕೊಂಡದ್ದು ಅದರಲ್ಲಿ,
ಮಣ್ಣು ಸೇರಿದ್ದೂ ಅದರಲ್ಲೇ.
ಅಜ್ಜಿಯ ಒಂದೇ ಹೆಸರಿನೊಳಗೆ ಹುಡುಗಿ ಪೂರ್ತಿ ಹಿಡಿಸುತ್ತಾಳೆ.
ದಫ್ತರು ಬರೆದ ಗುಮಾಸ್ತನಿಗೂ ಹಿಡಿಸಿದ್ದಳು;
ಅವನು ತಪ್ಪಿರಲಿಲ್ಲ.
ನಾವು ವರ್ಷದ ಹೊಸಿಲು ಕಿತ್ತು
ಅತ್ತ ನೆಟ್ಟೆವು, ಅವಳ ಎದೆಯ ಮೇಲೆ.

ಓರೆಗೆರೆ ಹಾಕಿ, ಎಂದರು ಡೆಸ್ಮಂಡ್.
೧೭೩೧/೨.
ಹಾಕಿದೆ. ಗೋಡೆಗೆ ಒರಗಿಸಿಟ್ಟ ಏಣಿಯಂಥ ಗೆರೆ.
ಚೌಕ ಬೆಳ್ಳಗಾಯಿತು.

ಷರಾ ಕಲಮಿನಲ್ಲಿ ಬರೆದೆ:
ಹತ್ತು ತಿಂಗಳ ಕೂಸು. ಎರಡು ಹಲ್ಲು ಮೂಡಿದ್ದವು.
ಹಲ್ಲಿಗೆ ದಾಖಲೆ ಇದೆಯೇ, ಕೇಳಿದರು.
ಇಲ್ಲ.
ಹಲ್ಲನ್ನು ಅಳಿಸಿದೆ.
ತಿಂಗಳುಗಳನ್ನು ಉಳಿಸಿಕೊಂಡೆ.