ಆರಿಂಚು

ಗಾಡಿ ಎತ್ತರಿಸುವುದು ಕಷ್ಟವಲ್ಲ, ಹುಮೈದ್.
ಹಳೆ ಸ್ಪ್ರಿಂಗು ಬಿಚ್ಚು, ಉದ್ದದ್ದು ಕೂರಿಸು,
ಹೊಸ ಶಾಕಿನ ಬೋಲ್ಟು ಬಿಗಿ.
ಮಧ್ಯಾಹ್ನದೊಳಗೆ ನಿನ್ನ ಪ್ಯಾಟ್ರೋಲು ಆರಿಂಚು ಮೇಲೆ ನಿಂತು
ಶಾರ್ಜಾದ ಈ ಗ್ಯಾರೇಜು ಗಲ್ಲಿಯನ್ನು
ಒಂಟೆಯ ಹಾಗೆ ಮೂಗಿನ ತುದಿಯಿಂದ ನೋಡುತ್ತಿತ್ತು.
ನೀನು ಫೋಟೊ ತೆಗೆದದ್ದೂ ಆಯಿತು,
ಗೆಳೆಯರಿಗೆ ಕಳಿಸಿದ್ದೂ ಆಯಿತು.

ಆದರೆ ಕೀಲಿ ಕೊಡುವುದಿಲ್ಲ.

ಬಾ ಇಲ್ಲಿ, ಕಂದೂರ ಮೊಣಕಾಲಿಗೆತ್ತಿ ಕೂರು.
ಚಾಸಿಯಿಂದ ಗಾಲಿಗೆ ಇಳಿದಿದೆಯಲ್ಲ
ಕಿರುಬೆರಳು ದಪ್ಪದ ಕಪ್ಪು ಬ್ರೇಕ್ ಪೈಪು,
ಗಾಡಿ ಬೆಳೆದ ಸುದ್ದಿ ಅದಕ್ಕಿನ್ನೂ ತಲುಪಿಲ್ಲ.
ನಿಂತಲ್ಲಿ ಸುಮ್ಮನಿರುತ್ತದೆ ಪಾಪ.
ದಿಬ್ಬದ ನೆತ್ತಿ ದಾಟುವಾಗ
ಗಾಲಿ ಗಾಳಿಯಲ್ಲಿ, ಆಕ್ಸಲ್ ಪೂರಾ ಜೋತುಬಿದ್ದಾಗ
ಗೊತ್ತಾಗುತ್ತದೆ ಅದರ ಅಳತೆ.

ಗೋಡೆಯ ಆ ಮೊಳೆಯಲ್ಲಿ ನೇತಾಡುವುದು ಏನೆಂದು
ಬಂದವರೆಲ್ಲ ಕೇಳುತ್ತಾರೆ. ನೀನು ಕೇಳಲಿಲ್ಲ.
ಹನ್ನೊಂದು ವರ್ಷದ ಹಿಂದೆ, ಬಂದು ಎರಡೇ ತಿಂಗಳು,
ನನ್ನದಿನ್ನೂ ಗಂಗೊಳ್ಳಿಯ ದೋಣಿ ಇಂಜಿನಿನ ಕೈ.
ದೋಣಿಗೆ ಬ್ರೇಕಿಲ್ಲ ಮಾರಾಯ.
ಇಂಜಿನು ನಿಲ್ಲಿಸುವುದು ನಮ್ಮ ಕೆಲಸ,
ದೋಣಿ ನಿಲ್ಲುವುದು ನೀರಿಗೆ ಬಿಟ್ಟದ್ದು.
ಹಳೆ ಪೈಪಿನ ಕ್ಲಿಪ್ಪು ಬಗ್ಗಿಸಿ ಎರಡಿಂಚು ಕದ್ದು
ಸಾಕು ಎಂದೆ.
ಸಾಕು ಎಂದದ್ದು ನಾನೇ.

ಗಾಡಿ ಖಾರ್ಟೂಮಿನ ಇದ್ರೀಸ್ ಮಾಸ್ತರರದು.
ಅಲ್ ಬದಾಯರಿನ ಇಳಿಜಾರಲ್ಲಿ ಪೆಡಲು ಒತ್ತಿದರೆ
ಕತ್ತಲಲ್ಲಿ ಬಾವಿಗೆ ಕಾಲಿಟ್ಟ ಹಾಗಾಯಿತಂತೆ.
ಹಿಂದಿನ ಗಾಲಿಗಳು ಅರ್ಧ ಉಳಿಸಿದವು,
ಮಿಕ್ಕರ್ಧ ಮರಳು.
ಮರುದಿನ ಬಂದು, ಹರಿದ ಪೈಪನ್ನು ಮೇಜಿನ ಮೇಲಿಟ್ಟು,
ಚಹಾ ಕುಡಿದು ಹೋದರು.
ಬೈದಿದ್ದರೆ ಮರೆಯುತ್ತಿದ್ದೆ.

ಹಾಗಾಗಿ ನೋಡು, ಇದು ಉಕ್ಕಿನ ಜಡೆ ಹೆಣೆದದ್ದು,
ಒಂದೂವರೆ ಗೇಣು ಹೆಚ್ಚು.
ಬೋಲ್ಟಿಗೆ ಎರಡರಂತೆ ಹೊಸ ತಾಮ್ರದ ವಾಷರು.
ಹಳೆಯದನ್ನೇ ಹಾಕಿದರೂ ಇವತ್ತು ಸೋರುವುದಿಲ್ಲ,
ಅದೇ ಅದರ ಮೋಸ.
ಮೈಯನ್ನು ಜಾಕಿನ ಮೇಲೆತ್ತಿ ಆಕ್ಸಲ್ ಜೋಲಲು ಬಿಟ್ಟು
ಸ್ಟೇರಿಂಗು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ.
ಎಲ್ಲಿ ನಿಂತರೂ ಎರಡು ಬೆರಳು ಸಡಿಲ ಉಳಿಯಬೇಕು.
ಹಾಗಂತ ಟೈರಿಗೆ ಉಜ್ಜುವಷ್ಟು ಜೋಲೂ ಬೇಡ.

ಶೇಖಬ್ಬ ಊಟಕ್ಕೆ ಹೋದವನು ಬಂದಿಲ್ಲ.
ಹತ್ತು, ನೀನೇ ಸೀಟಲ್ಲಿ ಕೂರು. ಗಾಳಿ ತೆಗೆಯಬೇಕು.

*

ದೂರದ ಗಾಲಿಯಿಂದ ಶುರು ಮಾಡಿದೆವು.
ದೂಸ್, ಎಂದೆ ಗಾಡಿಯಡಿಯಿಂದ. ಖಲ್ಲಿ.
ನಿಪ್ಪಲ್ಲು ಕಾಲು ಸುತ್ತು ಬಿಚ್ಚಿದರೆ
ಗಾಜಿನಂಥ ನಳಿಗೆಯಲ್ಲಿ ಗುಳ್ಳೆಗಳು ಸಾಲುಗಟ್ಟಿ
ಶಾಲೆ ಬಿಟ್ಟ ಮಕ್ಕಳಂತೆ ಹೊರಟವು.
ಬಿಗಿದೆ. ಮತ್ತೆ. ಬಿಗಿದೆ.
ಮೂರನೇ ಗಾಲಿಗೆ ಬರುವಷ್ಟರಲ್ಲಿ
ನನ್ನ ಅರಬಿ ಮುಗಿದಿತ್ತು.
ಒತ್ತು, ಎಂದು ಕೂಗುತ್ತಿದ್ದೆ. ಹಿಡಿ. ಹಿಡಿ ಅಂದೆನಲ್ಲ!
ಈಗ ಬಿಡು.
ಸ್ವಲ್ಪ ಹೊತ್ತಿಗೆ ಮೇಲಿನಿಂದ ಉತ್ತರ ಬಂತು,
ಒತ್ತು,
ಒತ್ತಿದೆ ಎನ್ನಲು ಅವನಿಗೆ ಸಿಕ್ಕ ಪದ ಅದೊಂದೇ.

ಕೊನೆಯ ಗಾಲಿಯಲ್ಲಿ ಗುಳ್ಳೆ ನಿಂತವು.
ಪೆಡಲು ಅವನ ಕಾಲನ್ನು ತಡೆದು ಹಿಡಿಯಿತು.
ಬಾವಿಗೆ ತಳ ಬಂತು.

ಇಳಿದವನ ಕಂದೂರದಂಚಿಗೆ ಎಣ್ಣೆ.
ನೋಡಿಕೊಂಡ. ಏನೂ ಹೇಳಲಿಲ್ಲ.
ಮೊಳೆಯ ಬಳಿ ಹೋಗಿ
ಹರಿದ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ನೋಡಿದ.
ಕೀಲಿ ಕೊಟ್ಟೆ.

ಸಕ್ಕರೆ, ಸಾಬೂನು ಪುಡಿ ಬೆರೆಸಿ ಕೈ ತಿಕ್ಕುತ್ತಾ ನಿಂತೆ.
ಬಿಚ್ಚಿದ ಮೂರು ಪೈಪು ಕಾಲ ಬುಡದಲ್ಲಿ, ಸಾಬೂತು.
ಹರಿಯದ್ದಕ್ಕೆ ಯಾರು ಮೊಳೆ ಹೊಡೆಯುತ್ತಾರೆ.
ಗಲ್ಲಿಯ ತಿರುವಲ್ಲಿ, ಎದುರಿಗೆ ಯಾರೂ ಇಲ್ಲದಿದ್ದರೂ,
ಅವನ ಹಿಂದಿನ ಕೆಂಪು ದೀಪ ಒಮ್ಮೆ ಹೊತ್ತಿತು.
ಆರಿತು. ಇನ್ನೊಮ್ಮೆ ಹೊತ್ತಿತು.