ಬಣ್ಣದ ಕೆಳಗಿನ ಬೋಲ್ಟು

ಕೀಲಿ ತಿರುವಿದೆ. ಟಿಕ್.
ಮತ್ತೆ ತಿರುವಿದೆ. ಟಿಕ್.
ಗೋಡೆಯ ಹಲ್ಲಿ ಇದಕ್ಕಿಂತ ಜೋರಾಗಿ ಲೊಚಗುಟ್ಟುತ್ತದೆ.

ಅವದಾಯ್ ಸಂತೆಯ ಮೂಲೆಯಲ್ಲಿ ನಿಂತುಬಿಟ್ಟಿದೆ
ನನಗಿಂತ ಎರಡು ವರ್ಷ ಹಿರಿಯ ಈ ಪೆಜೋ ಕಾರು.
ತಳ್ಳಿ ಹೊರಡಿಸೋಣವೆಂದರೆ ಮುಂದೆ ಗೋಡೆ, ಹಿಂದೆ ಏರು.
ಹೋದ ವಾರವಷ್ಟೇ ಮೈಗೆಲ್ಲ ಹೊಸ ನೀಲಿ, ನೆತ್ತಿಗೆ ಬಿಳಿ:
ಅಪ್ಪಣೆ ಪುರಸಭೆಯದು,
ದುಡ್ಡು ನನ್ನದು.

ಮೇಲೆ ಹನ್ನೊಂದು ಕಟ್ಟು ಖಾತ್ ಸೊಪ್ಪು,
ಬಾಳೆಲೆ ಸುತ್ತಿ ನೀರು ಚಿಮುಕಿಸಿದ್ದು.
ಬಿಸಿಲೇರುವ ಮೊದಲು ಹರಾರಿನ ದವಡೆಗಳಿಗೆ ಸೇರಬೇಕು.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುವವರು
ಬಾಡಿದ ಖಾತನ್ನು ಕಂಡವರಲ್ಲ.

ಕೆಟ್ಟ ಕಾರಿನ ಸುತ್ತ ನಿಂತವರೆಲ್ಲ ವೈದ್ಯರೇ.
ಬ್ಯಾಟರಿ ಸತ್ತಿದೆ, ಅಂದ ಹಾಲಿನವ.
ಹಾರ್ನ್ ಒತ್ತಿ ತೋರಿಸಿದೆ;
ಕತ್ತೆಯೊಂದು ಬೆದರಿ ಹೊರೆ ಚೆಲ್ಲಿತು.
ಪೆಟ್ರೋಲಿಲ್ಲ, ಅಂದ ಶಾಲೆಯ ಹುಡುಗ.
ಮೂಸಿ ನೋಡು, ಅಂದೆ.
ಹೊಸ ಬಣ್ಣಕ್ಕೆ ಯಾರದೋ ಕಣ್ಣು ಬಿದ್ದಿದೆ,
ಅಂದಳು ಕಡಲೆ ಹುರಿಯುವ ಮುದುಕಿ.
ಅದಕ್ಕೆ ಮಾತ್ರ ನನ್ನ ಬಳಿ ಪರೀಕ್ಷೆ ಇರಲಿಲ್ಲ.

ಲೆಗೆಸ್ಸೆ ಬಂದ.
ಡಿರೆ ದಾವಾದ ರೈಲು ಕಾರ್ಖಾನೆಯಲ್ಲಿ ಕೆಲಸವನ್ನೂ
ಫ್ರೆಂಚರ ಬೈಗುಳವನ್ನೂ ಒಟ್ಟಿಗೆ ಕಲಿತವನು.
ಬ್ಯಾಟರಿಯ ಎರಡೂ ಕಿವಿ ಕಳಚಿ, ಉಜ್ಜಿ, ಮತ್ತೆ ತೊಡಿಸಿದ.
ಟಿಕ್.
ಅಡಿಗೆ ತೂರಿ ಸ್ಟಾರ್ಟರಿನ ಬೆನ್ನಿಗೆ ಕಲ್ಲಿನಿಂದ ತಟ್ಟಿದ,
ಹಸುಗೂಸಿಗೆ ತೇಗು ಬರಿಸುವ ಹಾಗೆ.
ಟಿಕ್.
'ಸ್ಟಾರ್ಟರ್ ಹೋಗಿದೆ,' ಅಂದ, ನನ್ನ ಮುಖ ನೋಡದೆ.
ಅಂದರೆ ಎರಡು ತಿಂಗಳ ಇಂಜೆರಾ.

ಮುಂದಿನ ಸೀಟಿನಲ್ಲಿ ಬೋನ್ತು.
ಇಳಿದರೆ ಜಾಗ ಹೋದೀತೆಂದು
ಒಂದು ಗಂಟೆಯಿಂದ ಅಲುಗದೆ ಕೂತಿದ್ದಾಳೆ.
'ಏನಯ್ಯಾ, ನಿನ್ನ ಕಾರಿಗೆ ಜ್ವರವೇ?
ನನ್ನ ಚೀಲ ನೇತುಹಾಕಿದ ಈ ಗುಬಟು
ಬೆರಳು ಸುಟ್ಟಿತಲ್ಲೋ.'

ಕೈ ಒರೆಸುತ್ತಿದ್ದ ಲೆಗೆಸ್ಸೆ ನಿಂತ.
ಚೀಲ ಸರಿಸಿ, ಚೋಕಿನ ಗುಬಟಿನ ಮೇಲೆ
ನಾಡಿ ಹಿಡಿದಂತೆ ಎರಡು ಬೆರಳಿಟ್ಟ.
'ತಿರುವು.'
ಟಿಕ್.
'ಬಿಡಬೇಡ, ಹಿಡಿದಿರು.'
ಎಲ್ಲೋ ಒಳಗೆ ಸುಟ್ಟ ರಬ್ಬರಿನ ವಾಸನೆ.
ನಗತೊಡಗಿದ ಮುದುಕ, ಬೈಗುಳ ಬೆರೆಸಿ.

'ಹೊರಟ ಕರೆಂಟು ಮನೆಗೆ ಮರಳಬೇಕಲ್ಲ?
ದೊಡ್ಡ ರಸ್ತೆ ಮುಚ್ಚಿದೆ.
ಸಂತೆಗೆ ಸಂತೆಯೇ ಈ ಕಾಲುದಾರಿಗೆ ನುಗ್ಗಿದೆ,
ಚೋಕಿನ ಈ ಬಡಕಲು ತಂತಿಗೆ.'

ಎಂಜಿನ್ನಿನ ಮಗ್ಗುಲಿಗೆ ಹೆರಳಿನಂತೆ ಹೆಣೆದ ತಾಮ್ರದ ಪಟ್ಟಿ,
ಒಂದು ತುದಿ ಎಂಜಿನ್ನಿಗೆ, ಒಂದು ತುದಿ ಕಾರಿನ ಮೈಗೆ.
ಮೈಯ ಕಡೆಯ ಬೋಲ್ಟು ಬಿಚ್ಚಿದರೆ
ಅಡಿಯಲ್ಲಿ ನೀಲಿ. ದಪ್ಪಗೆ, ಎರಡು ಕೋಟು.
ನಾನೇ ಹೇಳಿದ್ದೆ ಬಣ್ಣದವನಿಗೆ,
ಒಂದು ಮೂಲೆಯನ್ನೂ ಬಿಡಬೇಡ ಅಂತ.
ಪ್ರಾಮಾಣಿಕ ಮನುಷ್ಯ, ಬಿಟ್ಟಿರಲಿಲ್ಲ.

ಸೊಪ್ಪಿನ ದಂಟು ಕೊಯ್ಯುವ ಚಾಕು ಕೊಟ್ಟಳು ಬೋನ್ತು.
ಕೆರೆದೆವು. ನೀಲಿ ಹೋಯಿತು, ಅದರಡಿಯ ಹಳೆಯ ಹಸಿರು ಹೋಯಿತು,
ನಾನು ಮರೆತೇಬಿಟ್ಟಿದ್ದ ಅಪ್ಪನ ಕಾಲದ ಕೆನೆ ಬಣ್ಣವೂ ಹೋಗಿ
ನಾಣ್ಯದಗಲ ಬರಿ ಕಬ್ಬಿಣ ಬೆಳಗಿತು.

ತಿರುವಿದೆ.
ಈ ಸಲ ಟಿಕ್ ಅನ್ನಲು ಪುರುಸೊತ್ತಿರಲಿಲ್ಲ.
ಕಾರು ಕೆಮ್ಮಿತು, ಕ್ಯಾಕರಿಸಿತು, ಗುಂಪಿನ ಮುಖಕ್ಕೆ ಹೊಗೆ ಉಗುಳಿ
ಎದ್ದಿತು.
'ನಾನು ಹೇಳಲಿಲ್ಲವೇ, ಬಣ್ಣ!' ಅಂದಳು ಕಡಲೆಯ ಮುದುಕಿ.

ಹರಾರ್ ತಲುಪುವಾಗ ಮೂರು ಕಟ್ಟು ಬಾಡಿದ್ದವು.
ಬಾಡಿದ್ದನ್ನು ಬೋನ್ತು ಬಾಡಿಗೆಯಲ್ಲಿ ಮುರಿದುಕೊಂಡಳು,
ಬೆರಳು ಸುಟ್ಟದ್ದಕ್ಕೆ ಬೇರೆ.

ತಿಂಗಳ ಮೇಲೆ ಪುರಸಭೆಯ ತಪಾಸಣೆಯವ
ಬಾನೆಟ್ ಎತ್ತಿ, ಬಗ್ಗಿ, ಬಹಳ ಹೊತ್ತು ನೋಡಿ,
'ಇಲ್ಲೊಂದು ಕಡೆ ಬಣ್ಣ ಬಿಟ್ಟುಹೋಗಿದೆಯಲ್ಲ?' ಅಂದ.
ಬಿಟ್ಟಿದ್ದೇನೆ, ಅಂದೆ.